ಕೊಂಚ ಕೆಳಗಿನ ಶ್ರುತಿ

ಆಗಸ್ಟ್ 9

ಅಪ್ಪಾ,

ಬಸ್ಸು ಹೊರಡುವಾಗ ಕಿಟಕಿಯ ಸರಳು ಹಿಡಿದುಕೊಂಡು ನೀನು ಹೇಳಿದ್ದು ಇನ್ನೂ ಕಿವಿಯಲ್ಲಿದೆ: “ಫೋನ್ ಮಾಡ್ಬೇಡ, ಬರಿ. ಹಾಸ್ಟೆಲ್‌ನಲ್ಲಿ ಬೆಳೆದು ನಿನ್ನ ಕನ್ನಡ ಅರ್ಧ ಇಂಗ್ಲಿಷ್ ಆಗಿದೆ. ಫೋನಲ್ಲಿ ಹರಟ್ತಾ ಕೂತ್ರೆ ಉಳಿದರ್ಧನೂ ಹೋಗುತ್ತೆ.” ಆಯಿತು, ಬರೆಯುತ್ತಿದ್ದೇನೆ. ತಪ್ಪಿದ್ದ ಕಡೆ ಕೆಂಪು ಗೆರೆ ಎಳೆದು ಕಳಿಸು. ಆದರೆ ಇಷ್ಟು ಬರೆಯುವಷ್ಟರಲ್ಲೇ ಫೋನಿನ ಕಡೆ ಎಷ್ಟು ಸಲ ನೋಡಿದೆನೋ ದೇವರಿಗೇ ಗೊತ್ತು. ಶಾಲೆಯ ಹಾಸ್ಟೆಲ್ಲಿನಲ್ಲಿ ಇದ್ದಷ್ಟು ವರ್ಷ ಭಾನುವಾರದ ನಿನ್ನ ಫೋನ್ ಒಂದು ಸಲವೂ ತಪ್ಪಿರಲಿಲ್ಲ. ದೊಡ್ಡವಳಾದರೆ ಅದೂ ಕಟ್ ಆಗುತ್ತದೆ ಎಂದು ಗೊತ್ತಿದ್ದರೆ ಚಿಕ್ಕವಳಾಗಿಯೇ ಇರುತ್ತಿದ್ದೆ.

ಲ್ಯಾಬ್ ನೆಲಮಾಳಿಗೆಯಲ್ಲಿದೆ. ಎರಡು ಬಾಗಿಲು, ನಡುವೆ ಕಪ್ಪು ಪರದೆ. ಒಳಗೊಂದು ಕಬ್ಬಿಣದ ಮೇಜು. ರಸ್ತೆಯಲ್ಲಿ ಲಾರಿ ಹೋದರೂ ಅಲುಗದಂತೆ ಅದರ ಕಾಲುಗಳು ಗಾಳಿಯ ಮೇಲೆ ನಿಂತಿವೆ. ಮೇಜಿನ ಮೇಲೆ ಗಾಜಿನ ದಾರದ ಒಂದು ಉಂಡೆ. ಕೂದಲಿಗಿಂತ ತುಸುವೇ ದಪ್ಪ, ಬಿಚ್ಚಿದರೆ ಕಿಲೋಮೀಟರುಗಟ್ಟಲೆ ಉದ್ದ. ಮನೆಗಳಿಗೆ ಇಂಟರ್‌ನೆಟ್ ತರುವುದು ಇದೇ ಫೈಬರ್. ಅದರಲ್ಲಿ ಓಡುವುದು ಬೆಳಕು. ಆದರೆ ಆ ಬೆಳಕನ್ನು ತಡೆಯಬೇಕಾದರೆ, ಬೇರೆ ದಾರಿಗೆ ತಿರುಗಿಸಬೇಕಾದರೆ, ಈಗ ಅದನ್ನು ಮೊದಲು ಕರೆಂಟ್ ಮಾಡಿಕೊಳ್ಳಬೇಕು, ಕೆಲಸ ಮುಗಿದ ಮೇಲೆ ಮತ್ತೆ ಬೆಳಕು ಮಾಡಬೇಕು. ಅದರ ಬದಲು ಬೆಳಕಿಗೆ ಬೆಳಕೇ ಸ್ವಿಚ್ ಆದರೆ? ಅದೇ ನಮ್ಮ ಕೆಲಸ.

ಪಿಯಾನೋ ಶ್ರುತಿ ಮಾಡುವ ನಿನಗೆ ಅರ್ಥವಾಗುವಂತೆ ಹೇಳಬಲ್ಲೆ, ಯಾಕೆಂದರೆ ಇದರಲ್ಲಿ ಶ್ರುತಿ ಇದೆ. ಜೋರಾದ ಬೆಳಕು ಗಾಜಿನೊಳಗೆ ಹೋದಾಗ ಸ್ವಲ್ಪ ಚದುರುತ್ತದೆ. ಚದುರುವಾಗ ಗಾಜನ್ನೇ ಅಲುಗಿಸಿ ಒಂದು ಶಬ್ದ ಹುಟ್ಟಿಸುತ್ತದೆ. ಎಷ್ಟು ಮೇಲಿನ ಶ್ರುತಿಯೆಂದರೆ ನಾಯಿಗೂ ಕೇಳದು, ಬಾವಲಿಗೂ ಕೇಳದು. ಆ ಶಬ್ದವೇ ಕನ್ನಡಿಯ ಹಾಗೆ ನಿಂತು ಬೆಳಕನ್ನು ಬಂದ ದಾರಿಯಲ್ಲೇ ಹಿಂದಕ್ಕೆ ಕಳಿಸುತ್ತದೆ. ಈಗ ಇನ್ನೊಂದು ತುದಿಯಿಂದ ಒಂದು ಪುಟ್ಟ ಬೆಳಕು ಬಿಡು. ಅದರ ಶ್ರುತಿ ಮೊದಲನೆಯದಕ್ಕಿಂತ ಕೊಂಚ ಕೆಳಗಿರಬೇಕು. ಎಷ್ಟು ಕೆಳಗೆ ಅನ್ನುವುದನ್ನು ಗಾಜೇ ಹೇಳುತ್ತದೆ. ಅದು ಸರಿಯಾಗಿ ಕೂತರೆ ದೊಡ್ಡ ಬೆಳಕು ತನ್ನದನ್ನೆಲ್ಲ ಪುಟ್ಟದಕ್ಕೆ ಕೊಟ್ಟು ನಿಂತುಬಿಡುತ್ತದೆ. ಪುಟ್ಟದು ಇದ್ದರೆ ನಿಲ್ಲು, ಇಲ್ಲದಿದ್ದರೆ ಹೋಗು. ಅಷ್ಟೇ ಸ್ವಿಚ್.

ವರ್ಷದ ಕೊನೆಗೆ ಪಿಎಚ್.ಡಿ. ಮೊದಲ ವರ್ಷದವರಿಗೆಲ್ಲ ರಿವ್ಯೂ. ನಾನು ಇದನ್ನು ಮಾಡಿ ತೋರಿಸಬೇಕು. ನನ್ನ ಗೈಡ್ ಮೇಡಂ ಒಳ್ಳೆಯವರು, ಆದರೆ ಅವರು “ನೋ ಪ್ರೆಶರ್” ಅಂದಾಗಲೆಲ್ಲ ನನಗೆ ಬಿ.ಪಿ. ಏರುತ್ತದೆ. ಸೀನಿಯರ್ ಒಬ್ಬನಿದ್ದಾನೆ, ಉದ್ದ ಕತ್ತು, ಎಲ್ಲರೂ ಕೊಕ್ಕರೆ ಅನ್ನುತ್ತಾರೆ. ಮೊದಲ ದಿನ ನನಗೆ ಹೇಳಿದ: “ಕಾಣದ ಬೆಳಕು, ಕೇಳದ ಶಬ್ದ, ಬಾರದ ಸ್ಟೈಪೆಂಡ್. ಇದೇ ನಮ್ಮ ಲ್ಯಾಬ್. ವೆಲ್‌ಕಮ್.” ನಮ್ಮ ಬೆಳಕು ನಿಜಕ್ಕೂ ಕಣ್ಣಿಗೆ ಕಾಣುವುದಿಲ್ಲ, ಕಂಪ್ಯೂಟರ್ ಪರದೆಯ ಮೇಲಿನ ಗೆರೆ ನೋಡಿ ನಂಬಬೇಕು.

ಬೇಗ ಬರಿ.

ನಿನ್ನ ಪೀಪಿ


ಆಗಸ್ಟ್ 21

ಪೀಪಿ,

ನಿನ್ನ ಪತ್ರದಲ್ಲಿ ಕೆಂಪು ಗೆರೆ ಎಳೆಯುವಂಥದ್ದು ಹೆಚ್ಚೇನೂ ಇಲ್ಲ. ‘ಕಟ್ ಆಗುತ್ತದೆ’ ಅನ್ನುವುದಕ್ಕೆ ‘ನಿಲ್ಲುತ್ತದೆ’ ಅನ್ನಬಹುದಿತ್ತು. ಆದರೆ ನಿಂತಿಲ್ಲ, ಪತ್ರವಾಗಿದೆ. ಬೇಸರ ಮಾಡಬೇಡ.

ಯಾರಿಗೂ ಕೇಳದ ಶಬ್ದ ಇದ್ದರೆಷ್ಟು ಬಿಟ್ಟರೆಷ್ಟು ಎಂದು ನಿನ್ನ ಅತ್ತೆ ಕೇಳಿದಳು. ನಾನು ಹಾಗನ್ನುವವನಲ್ಲ. ಕೇಳದಿದ್ದರೂ ಕೆಲಸ ಮಾಡುತ್ತದಲ್ಲ, ಅದು ದೊಡ್ಡದು. ನಿನ್ನ ಗಾಜಿನ ದಾರ ಶ್ರುತಿಗೆ ಬಾರದಿದ್ದರೆ ಹೊಸದು ಹಾಕಿಸು. ಹಳೆ ತಂತಿ ಎಷ್ಟು ಬಿಗಿದರೂ ಇಳಿಯುತ್ತದೆ.

ಇಲ್ಲಿ ಎಲ್ಲ ಕ್ಷೇಮ. ವ್ಯಾನಿನ ಬಾಗಿಲು ಈಗಲೂ ಒದ್ದರೇ ಮುಚ್ಚುವುದು. ರಜೆಯಲ್ಲಿ ನೀನು ಪಕ್ಕದ ಸೀಟಿನಲ್ಲಿ ಕೂತು, ತೊಡೆಯ ಮೇಲೆ ನನ್ನ ಚೀಲ ಇಟ್ಟುಕೊಂಡು ಮನೆಮನೆಗೆ ಬರುತ್ತಿದ್ದೆಯಲ್ಲ, ಮೊನ್ನೆ ಆ ಕಡೆ ಹೋಗಿದ್ದೆ. ಒಂದು ಪಿಯಾನೋ ಬಿಚ್ಚಿದಾಗ ಒಳಗೆ ಸಿಕ್ಕಿದ್ದು ಪೆನ್ಸಿಲ್ ತುಂಡು, ಬಾಚಣಿಗೆ, ಗೊಂಬೆಯ ಒಂದು ಬೂಟು. ನೀನಿದ್ದಿದ್ದರೆ ಇನ್ನೊಂದು ಬೂಟು ಸಿಗುವವರೆಗೆ ನನ್ನನ್ನು ಏಳಗೊಡುತ್ತಿರಲಿಲ್ಲ. ನುಸಿಗುಳಿಗೆಯ ವಾಸನೆ ಬಂದರೆ ನಿನಗೆ ಸೀನು, ಆದರೂ ಮುಖ ಮಾತ್ರ ಒಳಗೇ. ಪಕ್ಕಪಕ್ಕದ ಎರಡು ತಂತಿ ಒಂದೇ ಶ್ರುತಿಗೆ ಬಾರದೆ ‘ವಾಂವ್ ವಾಂವ್’ ಎಂದು ತೂಗಿದಾಗ “ಅಪ್ಪಾ, ಜೋಕಾಲಿ” ಎಂದು ಕೂಗಿದವಳು ನೀನೇ. ನನ್ನ ಗುರುಗಳು ಅದಕ್ಕೆ ಏನೋ ದೊಡ್ಡ ಹೆಸರು ಹೇಳಿಕೊಟ್ಟಿದ್ದರು, ನಾನು ಮರೆತೇಬಿಟ್ಟೆ. ನಮ್ಮ ಮನೆಯಲ್ಲಿ ಅದು ಜೋಕಾಲಿಯೇ. ಜೋಕಾಲಿ ನಿಧಾನವಾಗಿ ನಿಂತರೆ ಶ್ರುತಿ ಕೂತಿತು.

ಒಂದು ಸಣ್ಣ ತಾಪತ್ರಯ. ನನ್ನ ಅಲಾರಂ ಗಡಿಯಾರ ಕೆಟ್ಟಿದೆ, ಕೂಗುವುದೇ ಇಲ್ಲ. ರಿಪೇರಿಗೆ ಕೊಟ್ಟರೆ “ಸರಿಯಾಗಿದೆ” ಎಂದು ವಾಪಸ್ ಕೊಟ್ಟ. ಅತ್ತೆಯೂ ಅವನ ಪಾರ್ಟಿ. “ನಾಲ್ಕು ಮನೆಗೆ ಕೇಳುತ್ತೆ, ನಿನಗೊಬ್ಬನಿಗೆ ಕೇಳಲ್ಲ. ಕುಂಭಕರ್ಣ!” ಅನ್ನುತ್ತಾಳೆ. ತಂಗಿಯಾಗಿ ಹುಟ್ಟಿದ ತಪ್ಪಿಗೆ ಅವಳೇ ಬಂದು ಎಬ್ಬಿಸುತ್ತಿದ್ದಾಳೆ.

ಹೊತ್ತಿಗೆ ಸರಿಯಾಗಿ ತಿನ್ನು.

ಅಪ್ಪ


ಸೆಪ್ಟೆಂಬರ್ 16

ಅಪ್ಪಾ,

ಗಾಜಿಗೆ ಹಳೆಯದು ಹೊಸದು ಇಲ್ಲ, ಹೊಸ ದಾರ ಹಾಕಿಸುವ ಪ್ರಶ್ನೆಯೇ ಇಲ್ಲ! ನಿನ್ನ ಸಲಹೆಯನ್ನು ಕೊಕ್ಕರೆಗೆ ಓದಿ ಹೇಳಿದೆ. “ನಿಮ್ಮಪ್ಪನ್ನ ನಮ್ಮ ರಿವ್ಯೂ ಕಮಿಟಿಗೆ ಹಾಕ್ಬೇಕು, ಅವರೂ ಹೀಗೇ ಮಾತಾಡೋದು” ಅಂದ.

ನಗುತ್ತಾ ಬರೆದೆ ಅಷ್ಟೇ, ಇಲ್ಲಿ ನಗುವಂಥದ್ದೇನೂ ಇಲ್ಲ. ಒಂದು ತಿಂಗಳಿಂದ ಆ ಎರಡು ಬೆಳಕುಗಳನ್ನು ಶ್ರುತಿಗೆ ತರಲು ಹೆಣಗುತ್ತಿದ್ದೇನೆ. ಬೆಳಿಗ್ಗೆ ಕೂತಿತು ಅನ್ನಿಸುತ್ತದೆ, ಕಾಫಿ ಕುಡಿದು ಬರುವಷ್ಟರಲ್ಲಿ ತಪ್ಪಿರುತ್ತದೆ. ನನ್ನ ಜೊತೆ ಸೇರಿದ ಉಳಿದವರೆಲ್ಲ ಗ್ರಾಫ್ ತೋರಿಸುತ್ತಿದ್ದಾರೆ. ನಾನು ಮೀಟಿಂಗಿನಲ್ಲಿ ಬಾಯಿ ತೆರೆದರೆ ದನಿ ಕೀರಲಾಗುತ್ತದೆ, ಎಲ್ಲರೂ ತಿರುಗಿ ನೋಡುತ್ತಾರೆ. ಮೊನ್ನೆ ಮೇಡಂ “ಟೇಕ್ ಯುವರ್ ಟೈಮ್” ಅಂದರು. ರೂಮಿಗೆ ಬಂದು ಅತ್ತುಬಿಟ್ಟೆ.

ಆಗ ಶಾಲೆಯ ಹಾಸ್ಟೆಲ್ಲಿನ ಕಾರಿಡಾರ್ ನೆನಪಾಯಿತು. ಅಮ್ಮ ತೀರಿಕೊಂಡ ವರ್ಷ ನೀನು ನನ್ನನ್ನು ಅಲ್ಲಿ ಬಿಟ್ಟೆ. ಗೋಡೆಗೆ ಬಡಿದ ಆ ಕಪ್ಪು ಫೋನು, ಅದರ ಸುತ್ತ ಹುಡುಗಿಯರ ಕ್ಯೂ. ಎಲ್ಲರ ಅಪ್ಪಂದಿರೂ “ಚೆನ್ನಾಗಿ ಓದು” ಅನ್ನುತ್ತಿದ್ದರು. ನೀನು ಮಾತೇ ಆಡುತ್ತಿರಲಿಲ್ಲ. ಅಂಗಡಿಯ ಪಿಯಾನೋದ ಒಂದು ಕೀ ಒತ್ತುತ್ತಿದ್ದೆ. ಅದೇ ಸ್ವರ ನಾನು ಹಾಡಬೇಕು. ಸರಿಯಾದರೆ ಅದರ ಮೇಲಿನದು. ಹಾಗೇ ಹತ್ತಿಸಿ ಹತ್ತಿಸಿ, ನನ್ನ ದನಿ ಕೊನೆಗೆ ಕಿರುಚಾಟವಾಗುವವರೆಗೆ. ವಾರ್ಡನ್ ಬಂದು “ಯಾರು ಪೀಪಿ ಊದ್ತಿರೋದು?” ಎಂದು ಗದರಿದ ಮೇಲೇ ನನಗೆ ಈ ಹೆಸರು ಬಂದದ್ದು. ಅತ್ತುಕೊಂಡು ಫೋನಿಗೆ ನಿಂತವಳು ನಕ್ಕೊಂಡು ಇಡುತ್ತಿದ್ದೆ. ಅಷ್ಟು ಸಾಕಾಗಿತ್ತು, ಇಡೀ ವಾರಕ್ಕೆ.

ಒಂದೇ ಒಂದು ಸಲ ಫೋನ್ ಮಾಡಲೇ? ಐದೇ ನಿಮಿಷ. ಕನ್ನಡ ಕೆಟ್ಟರೆ ಆಮೇಲೆ ರಿಪೇರಿ ಮಾಡಿಕೊಳ್ಳೋಣ.

ಈಗಂತೂ ಮುಂದಕ್ಕೆ ಹೋಗುವುದರ ಮೇಲೆ ಆಸೆಯೇ ಹೋಗಿದೆ. ಬರೀ ವಾಪಸ್ ಬರುವುದರ ಮೇಲೆ ಕಣ್ಣು. ಹಗಲೆಲ್ಲ ಅದನ್ನೇ ನೋಡುತ್ತಾ ಕೂತಿರುತ್ತೇನೆ. ವಾಪಸ್ ಬಂದರೆ ಸಾಕು, ಮಿಕ್ಕಿದ್ದೆಲ್ಲ ತಾನಾಗಿ ಆಗುತ್ತದೆ ಎಂದು ಮೇಡಂ ಕೂಡ ಹೇಳಿದರು.

ಪೀಪಿ


ಸೆಪ್ಟೆಂಬರ್ 25

ಪೀಪಿ,

ವಾಪಸ್ ಬರಬೇಡ. ಮೇಡಂ ಏನಾದರೂ ಹೇಳಲಿ. ಹಿಡಿದ ಕೆಲಸ ನಡುವೆ ಬಿಟ್ಟು ಬಂದವರು ನಮ್ಮ ಮನೆಯಲ್ಲಿ ಯಾರೂ ಇಲ್ಲ. ಇಲ್ಲಿ ನಿನಗೆ ಮಾಡಲು ಏನೂ ಇಲ್ಲ. ದಸರಾ ದೀಪಾವಳಿ ಎಂದು ನೆಪ ಹುಡುಕುವ ವಯಸ್ಸೂ ಅಲ್ಲ. ಅಲ್ಲೇ ಇರು.

ಫೋನೂ ಬೇಡ ಎಂದಿದ್ದೆ. ಮತ್ತೆ ಹೇಳಿಸಬೇಡ.

ಅಪ್ಪ


ನವೆಂಬರ್ 3

ತೀರ್ಥರೂಪರಾದ ತಂದೆಯವರಿಗೆ ಮಗಳು ಮಾಡುವ ನಮಸ್ಕಾರಗಳು.

ಇತ್ತ ಕಡೆ ನಾನು ಕ್ಷೇಮ. ಅತ್ತ ಕಡೆ ತಮ್ಮ ಕ್ಷೇಮಕ್ಕೆ ಬರೆಯಿಸಿ ಕಳುಹಿಸುವುದು. ನಾಲ್ಕನೇ ಕ್ಲಾಸಿನ ಪುಸ್ತಕದಲ್ಲಿ ಪತ್ರ ಹೀಗೇ ಶುರುವಾಗುತ್ತಿತ್ತು. ನನ್ನ ಕನ್ನಡ ಈಗ ಸರಿಯಾಗಿದೆ ಎಂದುಕೊಂಡಿದ್ದೇನೆ.

ತಾವು ಬೇಡವೆಂದರೂ ಕಳೆದ ಶನಿವಾರ ಅಂಗಡಿಗೆ ಫೋನ್ ಮಾಡಿದೆ. ತಾವೇ ಎತ್ತಿದಿರಿ. “ಅಪ್ಪಾ, ನಾನು” ಅಂದೆ. “ಯಾರು?” ಅಂದಿರಿ. ಹೆಸರು ಹೇಳಿದೆ. ಜೋರಾಗಿ ಹೇಳಿದೆ. “ಲೈನ್ ಸರಿಯಿಲ್ಲ” ಎಂದು ಇಟ್ಟುಬಿಟ್ಟಿರಿ. ಲೈನ್ ಸರಿಯಿತ್ತು. ತಮ್ಮ ಉಸಿರು ಕೂಡ ನನಗೆ ಕೇಳುತ್ತಿತ್ತು.

ಕೊಕ್ಕರೆ ಪಕ್ಕದಲ್ಲಿದ್ದ. “ಬಿಡು, ನಾನು ಟ್ರೈ ಮಾಡ್ತೀನಿ” ಎಂದು ಸ್ಪೀಕರ್ ಹಾಕಿ ಅದೇ ನಂಬರಿಗೆ ಮಾಡಿದ. ಅವನದು ಪೀಪಾಯಿಯೊಳಗಿಂದ ಬಂದಂಥ ದನಿ. ಲೈನ್ ಹೇಗಿದೆ ನೋಡಲೆಂದು ಗಿರಾಕಿಯ ಹಾಗೆ, ಅಜ್ಜಿಯ ಕಾಲದ ಪಿಯಾನೋ ಇದೆ, ಏನು ಮಾಡಬೇಕು ಎಂದು ಕೇಳಿದ. ತಾವು ಮಾತಾಡಿದಿರಿ. ಬಿಸಿಲಿಗೆ ಇಡಬೇಡಿ ಅಂದಿರಿ, ಇಲಿಯ ಬಗ್ಗೆ ಹೇಳಿದಿರಿ, ಸುತ್ತಿಗೆಗಳಿಗೆ ಹಾಕುವ ಉಣ್ಣೆಯ ಫೆಲ್ಟಿನ ಬಗ್ಗೆ ಹೇಳಿದಿರಿ. “ಅಜ್ಜೀನೂ ಪಿಯಾನೋನೂ ಒಂದೇ, ದಿನಾ ಯಾರಾದ್ರೂ ಮಾತಾಡಿಸ್ತಾ ಇದ್ರೆ ಗಟ್ಟಿ ಇರ್ತಾರೆ” ಎಂದು ನಕ್ಕಿರಿ. ಆ ನಗು ನನಗೆ ಇಲ್ಲಿಗೆ ಕೇಳಿಸಿತು. ಕೊಕ್ಕರೆ ಫೋನ್ ಇಟ್ಟು ನನ್ನ ಮುಖ ನೋಡದೆ ಕಾಫಿ ತರುತ್ತೇನೆ ಎಂದು ಹೋದ.

ಗಿರಾಕಿಗಳಿಗೆ ಹೊತ್ತಿದೆ. ಮಗಳಿಗಿಲ್ಲ. ಅಂದು ಹಾಸ್ಟೆಲ್ಲಿನಲ್ಲಿ ಬಿಟ್ಟಾಗ ಬೇರೆ ದಾರಿಯಿರಲಿಲ್ಲ ಎಂದು ನಾನು ನಂಬಿದ್ದೆ. ಭಾನುವಾರಗಳು ಇದ್ದವಲ್ಲ, ಅದಕ್ಕೇ ನಂಬಿದ್ದೆ. ಈಗ ಯಾವುದನ್ನು ನಂಬಬೇಕೋ ತಿಳಿಯುತ್ತಿಲ್ಲ. ನನಗೆ ಮನೆ ಅನ್ನುವುದು ಇದೆಯೋ ಇಲ್ಲವೋ, ಅದೊಂದನ್ನು ತಿಳಿಸಿದರೆ ಉಪಕಾರವಾಗುತ್ತದೆ.

ಇಂತಿ ತಮ್ಮ ವಿಧೇಯ


ನವೆಂಬರ್ 12

ಪೀಪಿ,

‘ತಾವು’ ಎಂದು ಓದಿ, ಅಂಗಡಿಯಲ್ಲಿ ಬೇರೆ ಯಾರಾದರೂ ನಿಂತಿದ್ದಾರೇನೋ ಎಂದು ಹಿಂದೆ ತಿರುಗಿ ನೋಡಿದೆ. ಯಾರೂ ಇರಲಿಲ್ಲ. ಆಮೇಲೆ ಬಾಗಿಲು ಹಾಕಿಕೊಂಡು ಕೂತೆ.

ಫೋನಿನಲ್ಲಿ ಇದ್ದದ್ದು ನೀನು ಎಂದು ನನಗೆ ಗೊತ್ತಾಗಲಿಲ್ಲ. ನಿಜ. ನನ್ನ ಕಿವಿ ಹೋಗುತ್ತಿದೆ.

ಪೂರ್ತಿ ಹೋಗಿಲ್ಲ. ಮೇಲಿನಿಂದ ಹೋಗುತ್ತಿದೆ, ಬಿಸಿಲಿಗೆ ಗೋಡೆಯ ಬಣ್ಣ ಹಾರುವ ಹಾಗೆ. ಶುರುವಾದದ್ದು ನೀನು ಹೊರಡುವ ಮುಂಚೆ. ನಗರಸಭೆಯ ಹಾಲಿನ ದೊಡ್ಡ ಪಿಯಾನೋ ಶ್ರುತಿ ಮಾಡಿ ಬಂದಿದ್ದೆ. ಸಂಗೀತದ ಟೀಚರಮ್ಮ ಬಲತುದಿಯ ಕೀಗಳನ್ನು ನುಡಿಸಿ ಮುಖ ಕಿವುಚಿದರು. “ಏನ್ ಮೇಷ್ಟ್ರೇ, ಗಾಜಿನ ಚೂರು ತುಳಿದ ಹಾಗಿದೆ?” ಅಂದರು. ಹವೆ ತೇವ ಅಂದೆ. ಮತ್ತೆ ಹೋಗಿ ಅದೇ ಕೀ ಒತ್ತಿದೆ. ಮರಕ್ಕೆ ಸುತ್ತಿಗೆ ಬಡಿದ ‘ಟಕ್’ ಮಾತ್ರ ಕೇಳಿತು. ಸ್ವರ ಇರಲಿಲ್ಲ. ಜೋಕಾಲಿ ನಿಂತಿದೆ ಎಂದು ನಾನು ಎದ್ದು ಬಂದಿದ್ದೆ. ನಿಂತಿರಲಿಲ್ಲ, ನನಗೆ ಕಾಣದ ಕಡೆ ಆಡುತ್ತಲೇ ಇತ್ತು. ಅಲಾರಂ ಕೂಡ ಹಾಗೇ. ಫೋನಿನ ಗಂಟೆಯೂ ಹಾಗೇ, ಅತ್ತೆ ಕೂಗಿ ಹೇಳಿದರೇ ಎತ್ತುವುದು. ಗಡಿಯಾರದವನ ಹತ್ತಿರ ಜಗಳವಾಡಿದ್ದಕ್ಕೆ ಈಗ ನಾಚಿಕೆ.

ಗಂಡಸರ ಮಾತು ತಿಳಿಯುತ್ತದೆ. ನಿನ್ನ ಅತ್ತೆಗೆ ದೇವರು ದಪ್ಪ ದನಿ ಕೊಟ್ಟಿದ್ದಾನೆ, ಅವಳದೂ ತಿಳಿಯುತ್ತದೆ, ಬೇಡವೆಂದರೂ. ನಿನ್ನದು ಮಾತ್ರ ನಾನು ಕಳೆದುಕೊಂಡ ಜಾಗದಲ್ಲೇ ಇದೆ ಮಗಳೇ. ಎದುರಿಗಿದ್ದರೆ ತುಟಿ ನೋಡಿ ಹಿಡಿಯುತ್ತೇನೆ. ಈ ಬೇಸಿಗೆಯೆಲ್ಲ ಹಾಗೇ ಹಿಡಿದೆ, ನಿನಗೆ ಗೊತ್ತಾಗಲಿಲ್ಲ. ಫೋನಿಗೆ ತುಟಿಯಿಲ್ಲ. ನಿನ್ನ ಕನ್ನಡ ಕೆಟ್ಟಿದೆ ಅಂದದ್ದು ಬರೀ ನೆಪ. ಅಷ್ಟೇನೂ ಕೆಟ್ಟಿಲ್ಲ.

ವಾಪಸ್ ಬಂದರೆ ಸಾಕು ಎಂದು ನೀನು ಬರೆದಾಗ ಹೆದರಿದೆ. ಬಂದರೆ ಒಂದು ವಾರದಲ್ಲಿ ಕಂಡುಹಿಡಿಯುತ್ತೀಯ, ಕಂಡುಹಿಡಿದರೆ ಹೋಗುವುದಿಲ್ಲ, ಇಲ್ಲೇ ಕೂತುಬಿಡುತ್ತೀಯ. ಅದಕ್ಕೆ ಹಾಗೆ ಬರೆದೆ. ಕಿವಿ ಕೇಳದ ಶ್ರುತಿಗಾರನನ್ನು ಯಾರು ಕರೆಯುತ್ತಾರೆ ಹೇಳು? ನಾಲಿಗೆಯಿಲ್ಲದ ಅಡಿಗೆಯವನ ಹಾಗೆ. ಕೆಳಗಿನ ತಂತಿಗಳನ್ನು ಈಗಲೂ ಚೆನ್ನಾಗಿಯೇ ಮಾಡುತ್ತೇನೆ. ಒಂದು ಕಡ್ಡಿ ಹಲ್ಲಿನಲ್ಲಿ ಕಚ್ಚಿ ಇನ್ನೊಂದು ತುದಿ ಹಲಗೆಗೆ ತಾಗಿಸಿದರೆ ಜೋಕಾಲಿ ದವಡೆಗೆ ಗೊತ್ತಾಗುತ್ತದೆ. ನೋಡಿದವರು ನಗಬಾರದೆಂದು ಒಬ್ಬನೇ ಇರುವಾಗ ಮಾಡುತ್ತೇನೆ. ಮೇಲಿನವಕ್ಕೆ ಕಡ್ಡಿಯೂ ಇಲ್ಲ, ದವಡೆಯೂ ಇಲ್ಲ.

ನಿನಗೆ ಮನೆ ಇದೆ. ಈ ಪ್ರಶ್ನೆಯನ್ನು ಇನ್ನೊಮ್ಮೆ ಕೇಳಬೇಡ, ನನಗೆ ಊಟ ಸೇರುವುದಿಲ್ಲ.

ಅಂದಹಾಗೆ, ಆ ಹುಡುಗನ ಅಜ್ಜಿಯ ಪಿಯಾನೋ ಸುಳ್ಳೇ? ಅದಕ್ಕೆಂದು ಒಳ್ಳೆಯ ಫೆಲ್ಟ್ ಎತ್ತಿಟ್ಟಿದ್ದೆ.

ಅಪ್ಪ


ನವೆಂಬರ್ 22

ಅಪ್ಪಾ,

ಪತ್ರವನ್ನು ಲ್ಯಾಬಿನಲ್ಲಿ, ಕಪ್ಪು ಪರದೆಯ ಹಿಂದೆ ನಿಂತು ಓದಿದೆ. ‘ತಾವು’ಗಳನ್ನೆಲ್ಲ ವಾಪಸ್ ತೆಗೆದುಕೊಂಡಿದ್ದೇನೆ. ನೀನು, ನೀನು, ನೀನು.

ಮೊದಲು ಒಂದು ವಿಷಯ. ವಾಪಸ್ ಬರಬೇಕೆಂದು ನಾನು ಬರೆದದ್ದು ನನ್ನ ಬಗ್ಗೆ ಅಲ್ಲವೋ ಅಪ್ಪ, ಬೆಳಕಿನ ಬಗ್ಗೆ! ಗಾಜಿನೊಳಗಿನ ಶಬ್ದಕ್ಕೆ ತಾಗಿ ವಾಪಸ್ ಬರುವ ಬೆಳಕು. ಅದು ಬಂದರೆ ಮಾತ್ರ ಸ್ವಿಚ್ ಆಗುವುದು. ಅದನ್ನೇ ಹಗಲೆಲ್ಲ ನೋಡುತ್ತಾ ಕೂತಿದ್ದೆ. ನಾನು ಬರೆದ ಸಾಲನ್ನು ಮತ್ತೆ ಮನಸ್ಸಿನಲ್ಲಿ ಓದಿಕೊಂಡರೆ, ಅದು ನಿನಗೆ ಹಾಗೆ ಅರ್ಥವಾದದ್ದರಲ್ಲಿ ತಪ್ಪೇನಿಲ್ಲ. ನನ್ನ ಕನ್ನಡ ಅಷ್ಟೇನೂ ಕೆಟ್ಟಿಲ್ಲ ಅಂದೆಯಲ್ಲ, ಕೆಟ್ಟಿದೆ.

ಇನ್ನೊಂದು. ಬೆಳಕು ಯಾಕೆ ಶ್ರುತಿ ತಪ್ಪುತ್ತಿತ್ತು ಎಂದು ಸಿಕ್ಕಿತು. ಎರಡು ಲೇಸರ್‌ಗಳ ನಡುವೆ ಕೊಕ್ಕರೆಯ ಕಂಪ್ಯೂಟರ್ ಇತ್ತು. ಅದರ ಬಿಸಿ ಗಾಳಿ ಒಂದಕ್ಕೆ ಮಾತ್ರ ಬಡಿಯುತ್ತಿತ್ತು. ನಾನು ಕಾಫಿಗೆ ಎದ್ದಾಗ ಅವನು ಬಂದು ಗೇಮ್ ಆಡುತ್ತಿದ್ದ! ಅದನ್ನು ಎತ್ತಿ ಮೂಲೆಗೆ ಹಾಕಿಸಿದೆ. ವಾಪಸ್ ಬಂದ ಬೆಳಕನ್ನೂ ಹೋದ ಬೆಳಕನ್ನೂ ಕೂಡಿಸಿ ನೋಡಿದರೆ ಪರದೆಯ ಮೇಲೆ ಜೋಕಾಲಿ. ನಮ್ಮದೇ ಜೋಕಾಲಿ. ಕೂಗಿಬಿಟ್ಟೆ, ಮೇಡಂ ಏನಾಯಿತೆಂದು ಓಡಿ ಬಂದರು. “ವಾಟ್ ಈಸ್ ಜೋಕಾಲಿ?” ಎಂದು ಕೇಳಿ ಈಗ ಅವರೂ ಹಾಗೇ ಅನ್ನುತ್ತಾರೆ.

ಈಗ ಮುಖ್ಯವಾದ ಮಾತು. ಆ ವಾಪಸ್ ಬರುವ ಬೆಳಕು ಹೋದ ಶ್ರುತಿಯಲ್ಲೇ ಬರುವುದಿಲ್ಲ, ಕೊಂಚ ಇಳಿದು ಬರುತ್ತದೆ. ಗಾಜಿಗೆ ಸ್ವಲ್ಪ ಕೊಟ್ಟಿರುತ್ತದಲ್ಲ, ಅದಕ್ಕೆ. ಇದನ್ನೇ ನೋಡುತ್ತಾ ಕೂತಾಗ ಹೊಳೆಯಿತು. ಬೆಳಕೇ ಇಳಿಯುವುದಾದರೆ ನಾನು ಇಳಿಯಬಾರದೇ?

ಮೈಕ್ ಇಟ್ಟುಕೊಂಡು ನನ್ನ ದನಿಯನ್ನು ಪರದೆಯ ಮೇಲೆ ನೋಡಿದೆ. ಕೊಕ್ಕರೆ ಕೋಚ್. “ಗಂಟಲಿಂದ ಅಲ್ಲ, ಹೊಟ್ಟೆಯಿಂದ. ನೆಗಡಿ ಆದ ಎಮ್ಮೆ ಅಂದ್ಕೋ” ಅನ್ನುತ್ತಾನೆ. ಪರವಾಗಿಲ್ಲ, ಬರುತ್ತಿದೆ. ಆದರೆ ಕೊಕ್ಕರೆಯ ದೊಡ್ಡಮ್ಮ ಕಿವಿಯ ಡಾಕ್ಟರ್, ಅವರನ್ನು ಕೇಳಿದೆ. ದನಿ ಇಳಿಸಿದರೆ ಮಾತ್ರ ಸಾಲದಂತೆ. ಮೇಲಿನ ಶ್ರುತಿ ಹೋದವರಿಗೆ ಮೊದಲು ಕಳೆಯುವುದು ಬುಸುಗುಟ್ಟುವ ಅಕ್ಷರಗಳಂತೆ: ಸ, ಶ, ಷ, ಚ. ಅದಕ್ಕೇ ಹೆಸರು ಹೇಳಿದರೂ ನಿನಗೆ ತಿಳಿಯಲಿಲ್ಲ. ಅಮ್ಮ ಹುಡುಕಿ ಹುಡುಕಿ ಎರಡು ಸ ಇರುವ ಹೆಸರಿಟ್ಟಿದ್ದಾಳೆ ನೋಡು!

ಹಾಗಾಗಿ ಆ ಅಕ್ಷರಗಳಿಲ್ಲದ ಮಾತುಗಳನ್ನು ಆರಿಸುತ್ತಿದ್ದೇನೆ. ಕಷ್ಟ ಅಪ್ಪ. ಸಂಶೋಧನೆ ಹೋಯಿತು. ಸ್ವಿಚ್ ಹೋಯಿತು. ಸೀನಿಯರ್, ಸೆಮಿನಾರ್, ಸ್ಟೈಪೆಂಡ್, ಎಲ್ಲ ಹೋಯಿತು. ಸಾರಿ ಕೂಡ ಹೇಳುವಂತಿಲ್ಲ. ನನ್ನ ಇಂಗ್ಲಿಷ್ ಬಹುಪಾಲು ಹೀಗೇ ಉದುರಿತು, ನಿನಗೆ ಖುಷಿಯಾಗಬಹುದು. ಉಳಿದದ್ದು ಅಪ್ಪ, ಮನೆ, ಬಾ, ಹೋಗು, ನೀರು, ಬೆಳಕು.

ರಿವ್ಯೂ ಮುಂದಿನ ತಿಂಗಳ ಮೊದಲ ಶುಕ್ರವಾರ. ಅದಾದ ಮೇಲಿನ ಭಾನುವಾರ, ಹಿಂದಿನ ಹೊತ್ತಿಗೇ, ಫೋನ್ ಮಾಡುತ್ತೇನೆ. ಬೇಡ ಅನ್ನಬೇಡ. ಎತ್ತು.

ಮತ್ತೆ, ಡಾಕ್ಟರ ಹತ್ತಿರ ಹೋಗು ಎಂದು ನಾನು ಹೇಳಿದರೆ ನೀನು ಕೇಳುವುದಿಲ್ಲ. ಅದಕ್ಕೆ ಅತ್ತೆಗೂ ಒಂದು ಕಾಗದ ಹಾಕಿದ್ದೇನೆ.

ಪೀಪಿ


ನವೆಂಬರ್ 30

ಪೀಪಿ,

ಅತ್ತೆಗೆ ಬರೆದದ್ದು ಮೋಸ.

ಭಾನುವಾರ ಅಂಗಡಿಯಲ್ಲೇ ಇರುತ್ತೇನೆ.

ಅಪ್ಪ


ಡಿಸೆಂಬರ್ 9

ಪೀಪಿ,

ಫೋನಿನಲ್ಲಿ ಏನೇನು ಕೇಳಿತು, ಏನೇನು ಕೇಳಲಿಲ್ಲ ಎಂದು ಬರೆಯಲು ನೀನು ಇಡುವ ಮುಂಚೆ ಹೇಳಿದ್ದೆ. ಬರೆಯುತ್ತೇನೆ.

ಗಂಟೆ ಬಾರಿಸಿದ್ದು ಕೇಳಲಿಲ್ಲ. ಅತ್ತೆ ಬೆನ್ನಿಗೆ ಗುದ್ದಿದಳು. ಎತ್ತಿದೆ. ಯಾವನೋ ಹುಡುಗ, ಗಂಟಲು ಕಟ್ಟಿದವನು, “ಅಪ್ಪಾ” ಅಂದ. ನನಗೆ ಗಂಡುಮಗನಿಲ್ಲವಲ್ಲ ಎಂದು ಇಡುವುದರಲ್ಲಿದ್ದೆ. ಆಗ ನೀನು “ನಾನು” ಅಂದೆ. ಆಮೇಲೆ “ಊಟ ಆಯ್ತಾ?” ಅಂದೆ.

ಪೂರ್ತಿ ಕೇಳಿತು ಮಗಳೇ. ಒಂದಕ್ಷರವೂ ಬಿಡದೆ. ಹುಟ್ಟಿದಾಗಿನಿಂದ ಎಷ್ಟು ಜನ ಎಷ್ಟು ಸಲ ಕೇಳಿದ್ದಾರೋ ಈ ಮಾತನ್ನು, ಅದರಲ್ಲಿ ಬುಸುಗುಟ್ಟುವ ಅಕ್ಷರ ಒಂದೂ ಇಲ್ಲವೆಂದು ನನಗೆ ತಿಳಿದಿರಲಿಲ್ಲ. ನಾನು ಆಯ್ತು ಅಂದೆ. ಆಗಿರಲಿಲ್ಲ, ಬೆಳಿಗ್ಗೆಯಿಂದ ಫೋನಿನ ಮುಂದೆ ಕೂತಿದ್ದೆ. ಅತ್ತೆ ಹಿಂದಿನಿಂದ “ಸುಳ್ಳು! ಮುಟ್ಟೇ ಇಲ್ಲ!” ಎಂದು ಕೂಗಿದ್ದು ನಿನಗೂ ಕೇಳಿರಬೇಕು. ಆಮೇಲೆ ಅವಳು ಅಂದದ್ದು: “ಇದೇನು ಅಪ್ಪ ಮಗಳ ಮಾತೋ, ಎರಡು ಎತ್ತು ಪಂಚಾಯ್ತಿ ಮಾಡಿದ ಹಾಗಿದೆ.”

“ಬೆಳಕು ನಿಂತಿತು” ಅಂದೆಯಲ್ಲ, ಅದೂ ಸರಿಯಾಗಿ ಕೇಳಿತು. ಆದರೆ ನಿಂತಿತು ಅಂದರೆ ಕೆಟ್ಟಿತು ಎಂದುಕೊಂಡೆ. ಹೋಗಲಿ ಬಿಡು, ಬರುವ ವರ್ಷ ನೋಡೋಣ, ಒಂದು ರಿವ್ಯೂ ಹೋದರೆ ಜೀವ ಹೋಗುವುದಿಲ್ಲ ಎಂದು ಏನೇನೋ ಸಮಾಧಾನ ಹೇಳಿದೆ. ಆ ಕಡೆಯಿಂದ ಏನೂ ಇಲ್ಲ. ಲೈನ್ ಹೋಯಿತೆಂದುಕೊಂಡೆ. ಅತ್ತೆ ಕಿವಿಯಿಟ್ಟು ಕೇಳಿ, “ನಗ್ತಾ ಇದಾಳೆ ಕಣೋ. ಬಿದ್ದು ಬಿದ್ದು ನಗ್ತಾ ಇದಾಳೆ” ಅಂದಳು. ನಿಲ್ಲುವುದೇ ಸ್ವಿಚ್ ಎಂದು ನನಗೆ ಆಗ ನೆನಪಾಯಿತು. ಮೇಡಂ ಬೆನ್ನು ತಟ್ಟಿದರು ಅಂದೆಯಲ್ಲ, ಅದು ಕೇಳಿತು. ನಗು ಕೇಳಲಿಲ್ಲ. ಅಷ್ಟು ಹೊತ್ತು ರಿಸೀವರ್ ಕಿವಿಗೊತ್ತಿಕೊಂಡು, ನೀನು ನಗುತ್ತಿರುವಾಗ ಸುಮ್ಮನೆ ನಿಂತಿದ್ದೆ. ಚೆನ್ನಾಗಿತ್ತು. ಹಾಸ್ಟೆಲಿನ ಕಾಲದಲ್ಲಿ, ನೀನು ನಕ್ಕ ಮೇಲೇ ನಾನು ಫೋನ್ ಇಡುತ್ತಿದ್ದದ್ದು. ಅದು ನಿನಗೆ ಗೊತ್ತಿರಲಿಕ್ಕಿಲ್ಲ.

ಸೋಮವಾರ ನಗರಸಭೆಯ ಹಾಲಿಗೆ ಹೋಗಿ ಟೀಚರಮ್ಮನ ಹತ್ತಿರ ಇದ್ದದ್ದು ಇದ್ದ ಹಾಗೆ ಹೇಳಿದೆ. ಬಲತುದಿ ನನ್ನಿಂದಾಗದು, ಬೇರೆಯವರನ್ನು ಕರೆಯಿರಿ ಅಂದೆ. ಅವರು, “ಬಲತುದಿಗೆ ಬೇರೆಯವರು ಬರಲಿ. ಉಳಿದದ್ದಕ್ಕೆ ನೀವೇ ಬನ್ನಿ” ಅಂದರು. ಎಷ್ಟು ದಿನ ನಡೆಯುತ್ತದೋ ಗೊತ್ತಿಲ್ಲ. ಗುರುವಾರ ಅತ್ತೆ ನನ್ನನ್ನು ಡಾಕ್ಟರ ಹತ್ತಿರ ಎಳೆದುಕೊಂಡು ಹೋಗುತ್ತಾಳೆ. ಕಿವಿಯೊಳಗೆ ಮೆಷಿನ್ ಇಟ್ಟರೂ ಸ್ವರ ಮೊದಲಿನ ಹಾಗೆ ಇರುವುದಿಲ್ಲ ಎಂದು ಕೇಳಿದ್ದೇನೆ. ನೋಡೋಣ.

ರಜೆ ಸಿಕ್ಕಿದ ಕೂಡಲೇ ಬಾ. ಈ ಸಲ ಬೆಳಕಿನ ವಿಷಯವಲ್ಲ, ನಿನ್ನ ವಿಷಯ. ಆ ಉದ್ದ ಕತ್ತಿನವನನ್ನೂ ಕರೆದು ತಾ, ಪಿಯಾನೋ ಇಲ್ಲದ ಅಜ್ಜಿಯ ಮೊಮ್ಮಗ ಹೇಗಿರುತ್ತಾನೆ ನೋಡಬೇಕು.

ಬರುವ ಭಾನುವಾರ ಮಾತ್ರ ಹೀಗೆ ಅಕ್ಷರ ಆರಿಸಿ ಮಾತಾಡಬೇಡ. ನಿನ್ನ ಸಂಶೋಧನೆ, ಸೆಮಿನಾರು, ಸಂಕಟ, ಸಂತೋಷ, ನಿನ್ನ ಅಮ್ಮ ಇಟ್ಟ ಹೆಸರು, ಎಲ್ಲ ಆ ಅಕ್ಷರದಲ್ಲೇ ಇವೆ. ಅವನ್ನೆಲ್ಲ ಬಿಟ್ಟು ನನಗೆ ಬರೀ ಊಟ ನೀರು ಕೊಟ್ಟರೆ ಹೇಗೆ? ನಿಧಾನವಾಗಿ ಹೇಳು, ಎಲ್ಲ ಹೇಳು. ಕೇಳಿಸದ ಅಕ್ಷರಗಳನ್ನು ನಾನು ಹಾಕಿಕೊಳ್ಳುತ್ತೇನೆ.

ಅಪ್ಪ